ಲೋಟದಲ್ಲಿ ಗೆರೆ ಕಾಣದಿದ್ದರೆ

ಮಲ್ಪೆ, ಉಡುಪಿ
ಜುಲೈ, ಒಂದು ಮಳೆಯ ಸಂಜೆ

ಪ್ರೀತಿಯ ಶ್ರಾವ್ಯಾ,

ನೀನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದ ದಿನದ ಫೋಟೋವನ್ನು ದೊಡ್ಡಮ್ಮ ಇಡೀ ಕೇರಿಗೆ ತೋರಿಸಿ ಬಂದಳು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನಿನ್ನ ಹಿಂದಿದ್ದ ಸೆಸ್ನಾ ವಿಮಾನದ ರೆಕ್ಕೆಯ ಅಂಚಿನಲ್ಲಿ ಮಳೆಹನಿ ಸಾಲುಗಟ್ಟಿತ್ತು. ಇಪ್ಪತ್ತು ವರ್ಷ ಸಣ್ಣ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದವನು ನೋಡು, ಚಾಳಿ ಬಿಡುವುದಿಲ್ಲ.

ರೆಕ್ಕೆಯೊಳಗಿನ ಇಂಧನ ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿದ್ದರೆ ಆ ಹನಿಗಳೇ ಒಳಗಿಳಿಯುತ್ತವೆ. ಅರ್ಧ ಖಾಲಿ ಟ್ಯಾಂಕು ರಾತ್ರಿ ಒಳಗಿನಿಂದಲೂ ಬೆವರುತ್ತದೆ. ಇಲ್ಲಿ ಜೂನ್, ಜುಲೈ ಮೀನುಗಾರಿಕೆ ಬಂದ್. ದಕ್ಕೆಯಲ್ಲಿ ಕಟ್ಟಿದ ಬೋಟುಗಳ ಡೀಸೆಲ್ ಟ್ಯಾಂಕಿಗೂ ಇದೇ ಕಾಯಿಲೆ.

ಲೀಟರ್ ಏವಿಯೇಷನ್ ಪೆಟ್ರೋಲ್ ಸುಮಾರು 720 ಗ್ರಾಂ ತೂಗುತ್ತದೆ, ನೀರು ಒಂದು ಕಿಲೋ. ಹಾಗಾಗಿ ನೀರು ತಳಕ್ಕೆ ಕೂರುತ್ತದೆ. ಹಾರುವ ಮೊದಲು ಡ್ರೈನ್ ಮಾಡಿದಾಗ, ಅಂದರೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಲೋಟಕ್ಕೆ ಇಳಿಸಿದಾಗ, ಕೆಳಗೆ ನೀರು, ಮೇಲೆ ಪೆಟ್ರೋಲು, ನಡುವೆ ಗೆರೆ. ಇದನ್ನು ನಿನಗೆ ಕಲಿಸಿರುತ್ತಾರೆ, ಅಲ್ವಾ? ಗೆರೆಯೇ ಕಾಣದಿದ್ದರೆ?

ಒಂದು ಸಲ ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಹುಡುಗನೊಬ್ಬ ಲೋಟ ತಂದ. ಗೆರೆ ಇಲ್ಲ, ಕಸ ಇಲ್ಲ, ಫಳಫಳ ಹೊಳೆಯುತ್ತಿತ್ತು. ಸರಿ ಎಂದುಬಿಟ್ಟೆ. ನಮ್ಮ ಹಿರಿಯ ಮೆಕ್ಯಾನಿಕ್ ಅದರಲ್ಲಿ ಬೆರಳದ್ದಿ ಮೂಸಿದರು. ವಾಸನೆ ಇಲ್ಲ. ಬೆರಳು ಒಣಗಲೂ ಇಲ್ಲ. ಲೋಟದ ತುಂಬ ಬರೀ ನೀರು! ಪೆಟ್ರೋಲೇ ಇಲ್ಲದ ಮೇಲೆ ಗೆರೆ ಎಲ್ಲಿಂದ ಬರಬೇಕು ಮಾರಾಯ್ತಿ? ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

ಆದ್ದರಿಂದ ಬಣ್ಣ ನೋಡು. 100 ಎಲ್‌ಎಲ್ ಎಂಬ ಏವಿಯೇಷನ್ ಪೆಟ್ರೋಲು ತಿಳಿ ನೀಲಿ. ಲೋಟವನ್ನು ಬಿಳಿ ರೆಕ್ಕೆಗೆ ಹಿಡಿದರೆ ಗೊತ್ತಾಗುತ್ತದೆ. ಸೀಮೆಎಣ್ಣೆ ವಾಸನೆ ಬಂದರೆ ಜೆಟ್ ಇಂಧನ ಸೇರಿದೆ ಎಂದೇ ತಿಳಿದು ಎಂಜಿನ್ ಮುಟ್ಟಬೇಡ. ಇಂಧನ ತುಂಬಿದ ಕೂಡಲೇ ಡ್ರೈನ್ ಮಾಡಿದರೆ ಪ್ರಯೋಜನ ಕಡಿಮೆ, ನೀರು ತಳ ಸೇರಲು ಸ್ವಲ್ಪ ಹೊತ್ತು ಬೇಕು. ವಿಮಾನದ ಅಡಿಯಲ್ಲಿರುವ ಡ್ರೈನ್‌ಗಳನ್ನೂ ಬಿಡಬೇಡ. ಬಗ್ಗಲು ಸೋಮಾರಿತನ ಮಾಡಿ ಎಲ್ಲರೂ ಬಿಡುವುದು ಅವನ್ನೇ.

"ಸ್ಟಾರ್ಟ್ ಆಯಿತು, ಟ್ಯಾಕ್ಸಿಯಲ್ಲೂ (ನೆಲದ ಮೇಲೆ ಓಡಿಸುವಾಗ) ಚೆನ್ನಾಗಿತ್ತು" ಎಂಬ ಮಾತು ನಂಬಬೇಡ. ಪೈಪು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನಲ್ಲಿದ್ದ ಒಳ್ಳೆಯ ಪೆಟ್ರೋಲು ಅಷ್ಟು ದೂರಕ್ಕೆ ಸಾಕು. ಟೇಕಾಫ್ ಆಗಿ ಮೂತಿ ಮೇಲೆದ್ದಾಗ ತಳದ ನೀರು ಸರಿದು ಪೈಪಿನ ಬಾಯಿಗೆ ಬರುತ್ತದೆ. ಆಗ ಎಂಜಿನ್ ಕೆಮ್ಮುತ್ತದೆ.

ಹಾಗೇನಾದರೂ ಆದರೆ ಮೊದಲು ಮೂತಿ ಇಳಿಸು, ವೇಗ ಉಳಿಸಿಕೊ. ಕಡಿಮೆ ಎತ್ತರದಲ್ಲಿ ರನ್‌ವೇಗೆ ವಾಪಸ್ ತಿರುಗಿಸಲು ಹೋಗಬೇಡ. ತಿರುವಿನಲ್ಲಿ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಂಡು, ಎಷ್ಟೋ ಜನ ಸತ್ತಿದ್ದಾರೆ. ನಮ್ಮ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಂತೆ ಗುಡ್ಡದ ಮೇಲಿನ ರನ್‌ವೇ ಆಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ನಿನ್ನ ಕಡೆ ಎದುರಿಗೆ ಹೊಲವಾದರೂ ಇದೆ. ಬೆಳೆ ಹಾಳಾದರೆ ದೊಡ್ಡಪ್ಪ ದುಡ್ಡು ಕೊಡುತ್ತಾನೆ.

ಕಾರ್ಬುರೇಟರ್ ಇರುವ ವಿಮಾನವಾದರೆ ಇನ್ನೊಂದು. ಸೆಕೆಯ ದಿನವೂ ಒದ್ದೆ ಗಾಳಿಗೆ ಅದರೊಳಗೆ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಹಾಕಿದಾಗ ಎಂಜಿನ್ ಮೊದಲು ಇನ್ನೂ ಒರಟಾಗಿ ಓಡುತ್ತದೆ, ಕರಗಿದ ನೀರು ಹಾದುಹೋಗುತ್ತಿರುತ್ತದೆ. ಹೆದರಿ ತೆಗೆದುಬಿಡಬೇಡ.

ಆಗಸ್ಟಿನಲ್ಲಿ ಬೋಟು ಇಳಿಯುವಾಗ ಬಾ. ಬಂಗುಡೆ ಪುಳಿಮುಂಚಿ ದೊಡ್ಡಮ್ಮನ ಜವಾಬ್ದಾರಿ. ಅಲ್ಲಿಯವರೆಗೆ ನಿನ್ನ ಫೋಟೋ ಸಾಕು, ಆ ಲೋಟದ ಫೋಟೋ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ