ಪ್ರೋಟೀನ್ ಡಬ್ಬಿಗಿಂತ ಮೊದಲು ನೋಟ್‌ಬುಕ್ ಕೊಡಿ

ಸಂಪಾದಕರಿಗೆ,

ಜಿಮ್‌ಗೆ ಸೇರಿ ಮೂರು ವಾರವಾಗುವಷ್ಟರಲ್ಲಿ ಹುಡುಗರ ಕೈಗೆ ಪ್ರೋಟೀನ್ ಪುಡಿಯ ಡಬ್ಬಿ ಕೊಡುವ ರೂಢಿ ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಆ ಹೊತ್ತಿಗೆ ಎತ್ತುವ ಭಾರ ಹೆಚ್ಚಿರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಇದು ಸಹಜ. ಮೊದಲ ನಾಲ್ಕಾರು ವಾರ ಬರುವ ಶಕ್ತಿಯಲ್ಲಿ ಹೆಚ್ಚಿನದು ನರಗಳು ಆ ಚಲನೆಗೆ ಪಳಗಿದ್ದರಿಂದ ಬಂದದ್ದು. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಇದನ್ನು ತಿಳಿಸದೆ ‘ನಿನಗೆ ಪ್ರೋಟೀನ್ ಸಾಲುತ್ತಿಲ್ಲ’ ಎಂದು ಡಬ್ಬಿ ಮಾರುವುದು ಅನ್ಯಾಯ.

ತರಬೇತುದಾರರು ಮೊದಲು ಕೊಡಬೇಕಾದದ್ದು ಕಸರತ್ತಿನ ಲೆಕ್ಕ ಬರೆದಿಡುವ ನೋಟ್‌ಬುಕ್. ವಾರಕ್ಕೆ ಮೂರು ದಿನ ಕಸರತ್ತು, ನಡುವೆ ಒಂದೊಂದು ದಿನ ಬಿಡುವು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋಯಿಂಗ್ (ಬಾಗಿ ಭಾರವನ್ನು ಹೊಟ್ಟೆಯತ್ತ ಎಳೆಯುವುದು), ತಲೆಯ ಮೇಲೆ ಎತ್ತುವ ಪ್ರೆಸ್: ಈ ಐದನ್ನು ಹಂಚಿಕೊಂಡು ಮಾಡಿದರೆ ಮೈಯೆಲ್ಲಕ್ಕೂ ಕೆಲಸ ಸಿಗುತ್ತದೆ. ಒಂದೊಂದಕ್ಕೆ ಮೂರು ಸೆಟ್, ಸೆಟ್‌ಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ಇನ್ನೊಂದೆರಡು ಸಲ ಆದೀತು ಎನ್ನುವಾಗಲೇ ಬಾರ್ ಇಳಿಸಬೇಕು. ಪುಸ್ತಕದಲ್ಲಿ ‘ಸ್ಕ್ವಾಟ್ 40 ಕೆ.ಜಿ. – 10, 9, 8’ ಎಂದು ಬರೆಯಿರಿ. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ಮೇಲೆ ಮುಂದಿನ ಸಲ 42.5 ಕೆ.ಜಿ. ಇದಕ್ಕೆ ಬಾರ್‌ನ ಎರಡೂ ಕಡೆ 1.25 ಕೆ.ಜಿ.ಯ ಪುಟ್ಟ ಪ್ಲೇಟ್ ಬೇಕು. ಎಷ್ಟೋ ಜಿಮ್‌ಗಳಲ್ಲಿ ಅದೇ ಇರುವುದಿಲ್ಲ, 2.5 ಕೆ.ಜಿ.ಯದೇ ಅತಿ ಚಿಕ್ಕದು. ಆಗ ತಲೆಯ ಮೇಲೆ 20 ಕೆ.ಜಿ. ಎತ್ತುತ್ತಿದ್ದವನು ಒಮ್ಮೆಲೇ 25ಕ್ಕೆ ಹೋಗಬೇಕು, ಅಂದರೆ ಕಾಲು ಪಾಲು ಹೆಚ್ಚು. ಸೊಂಟ ಹಿಂದಕ್ಕೆ ಬಾಗುತ್ತದೆ, ಭುಜ ನೋಯುತ್ತದೆ, ಹುಡುಗ ಅದನ್ನು ಬಿಟ್ಟು ದಿನವೂ ಎದೆ ಮತ್ತು ತೋಳಿಗೆ ಅಂಟಿಕೊಳ್ಳುತ್ತಾನೆ. ಕಾಲು ಹಾಗೇ ಉಳಿಯುತ್ತದೆ.

ಪ್ರೋಟೀನ್ ಬೇಡವೆಂದಲ್ಲ. 49 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆಯೊಂದು ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾಗಿದೆ. ಭಾರ ಎತ್ತುವುದರ ಜೊತೆಗೆ ಹೆಚ್ಚುವರಿ ಪ್ರೋಟೀನ್ ತೆಗೆದುಕೊಂಡವರಲ್ಲಿ ಕೊಬ್ಬುರಹಿತ ತೂಕ ಉಳಿದವರಿಗಿಂತ ಸರಾಸರಿ 300 ಗ್ರಾಂನಷ್ಟೇ ಹೆಚ್ಚು ಬೆಳೆದಿತ್ತು. ದೇಹತೂಕದ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

60 ಕೆ.ಜಿ.ಯ ಯುವಕನಿಗೆ ಇದು 96 ಗ್ರಾಂ. ಮನೆಯ ಊಟ ಲೆಕ್ಕ ಹಾಕಿ ನೋಡಿ. ಮುದ್ದೆಗೆ 200 ಗ್ರಾಂ ರಾಗಿಹಿಟ್ಟು (14 ಗ್ರಾಂ), 150 ಗ್ರಾಂ ಅಕ್ಕಿಯ ಅನ್ನ (11), ಸಾರಿಗೆ 60 ಗ್ರಾಂ ತೊಗರಿಬೇಳೆ (13), ಅರ್ಧ ಲೀಟರ್ ಹಾಲು (16), ಒಂದು ಬಟ್ಟಲು ಮೊಸರು (6). ಅಲ್ಲಿಗೆ 60 ಗ್ರಾಂ ಆಯಿತು. ಉಳಿದ 36ಕ್ಕೆ ನಾಲ್ಕು ಮೊಟ್ಟೆ, 50 ಗ್ರಾಂ ಶೇಂಗಾ ಸಾಕು. ಮೊಟ್ಟೆ ತಿನ್ನದವರು 50 ಗ್ರಾಂ ಒಣ ಸೋಯಾ ಚಂಕ್ಸ್, 40 ಗ್ರಾಂ ಶೇಂಗಾ ತಿನ್ನಲಿ. ಹೆಚ್ಚಿನ ಮನೆಗಳಲ್ಲಿ ಕೊರತೆ ಬೇಳೆಯದು: ಸಾರು ತಿಳಿಯಾಗಿದ್ದರೆ 60 ಗ್ರಾಂ ಬೇಳೆ ತಟ್ಟೆಗೆ ಬರುವುದೇ ಇಲ್ಲ.

ಹಾಸ್ಟೆಲ್ ಊಟ, ರಾತ್ರಿ ಪಾಳಿಯಂಥ ಕಾರಣಕ್ಕೆ ಇಷ್ಟು ಹೊಂದಿಸಲಾಗದವರು ಪುಡಿ ಬಳಸಲಿ, ಆದರೆ ಲೇಬಲ್ ಓದಿ. 33 ಗ್ರಾಂ ಸ್ಕೂಪ್‌ನಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ ಸರಿಯಾದ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿ. ತೂಕ ಏರಿಸಲೆಂದು ಮಾರುವ ‘ಮಾಸ್ ಗೇನರ್’ ಡಬ್ಬಿಗಳಲ್ಲಿ ಹೆಚ್ಚಿನ ಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ತಯಾರಿಸಿದ ಕಾರ್ಬೋಹೈಡ್ರೇಟ್. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಬೇರೆಯಾಗಿ ಕಂಡರೆ ಅನುಮಾನಿಸಿ. ಪ್ರೋಟೀನನ್ನು ಸಾಮಾನ್ಯವಾಗಿ ಸಾರಜನಕದ ಲೆಕ್ಕದಲ್ಲಿ ಅಳೆಯುವುದರಿಂದ ಸಾರಜನಕವಿರುವ ಈ ಅಗ್ಗದ ವಸ್ತುಗಳೂ ಅಂಕಿ ಏರಿಸುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಮುಚ್ಚಳದಡಿ ಒಡೆಯದ ಸೀಲ್ ಇರಲೇಬೇಕು. ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಗಂಟುಕಟ್ಟುತ್ತದೆ, ತಣ್ಣಗಿನ ಹಾಲು ಅಥವಾ ನೀರಿನಲ್ಲಿ ಕಲಸಿ. ಹೊಟ್ಟೆಯುಬ್ಬರವಾದರೆ ಬಹುಶಃ ಅದರಲ್ಲಿರುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಕಾರಣ. ‘ಐಸೊಲೇಟ್’ ಎಂಬ ಹೆಚ್ಚು ಶುದ್ಧಗೊಳಿಸಿದ ಪುಡಿಯಲ್ಲಿ ಅದು ಕಡಿಮೆ.

ಸಕ್ಕರೆ ಕಾಯಿಲೆ, ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಲಿ. ಮೊದಲ ದಿನವೇ ವಿಪರೀತ ಕಸರತ್ತು ಮಾಡಿ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿರುತ್ತದೆ.

ಜಿಮ್ ನಡೆಸುವವರು ಇನ್ನೊಂದು ಕನ್ನಡಿಗೆ ಸುರಿಯುವ ಹಣದಲ್ಲಿ ಎರಡು ಜೊತೆ 1.25 ಕೆ.ಜಿ. ಪ್ಲೇಟ್ ತರಲಿ. ನಗರಸಭೆಗಳಿಗೂ ಒಂದು ಮನವಿ ಇದೆ. ಉದ್ಯಾನಗಳ ತೆರೆದ ಜಿಮ್‌ಗಳಲ್ಲಿ ಹೆಚ್ಚಿನ ಯಂತ್ರಗಳಿಗೆ ಭಾರ ಏರಿಸುವ ವ್ಯವಸ್ಥೆಯೇ ಇಲ್ಲ. ಮೈ ಪಳಗಿದ ಮೇಲೆ ಅವು ಶಕ್ತಿಯನ್ನು ಅಷ್ಟಾಗಿ ಬೆಳೆಸುವುದಿಲ್ಲ. ಜಾತ್ರೆಯ ಸಂಗ್ರಾಣಿ ಕಲ್ಲು ಎತ್ತುವವರು ಚಿಕ್ಕ ಗುಂಡಿನಿಂದ ದೊಡ್ಡದಕ್ಕೆ ಹೋಗುವ ಕ್ರಮವನ್ನು ಎಂದೋ ಬಲ್ಲರು. ಉದ್ಯಾನಗಳಲ್ಲಿ ಮೂರು ಎತ್ತರದ ಪುಲ್‌ಅಪ್ ಕಂಬಿ, ಒಂದು ಜೊತೆ ಸಮಾನಾಂತರ ಕಂಬಿ, 10ರಿಂದ 40 ಕೆ.ಜಿ.ವರೆಗಿನ ನಾಲ್ಕು ಗುಂಡುಕಲ್ಲು ಇಡಿಸಲಿ.

– ಒಬ್ಬ ವ್ಯಾಯಾಮ ತರಬೇತುದಾರ, ದಾವಣಗೆರೆ