ಗುಡ್ಡದಂಚಿನ ಹೊಲದವರ ಗಮನಕ್ಕೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಹುಲ್ಲು ಈಗ ಮುಟ್ಟಿದರೆ ಮುರಿಯುವಷ್ಟು ಒಣಗಿದೆ. ಡೋಣಿ ಊರಿನ ಕಡೆ ಗುಡ್ಡಕ್ಕೆ ಅಂಟಿಕೊಂಡ ಹೊಲ ಇರುವವರು ದಯವಿಟ್ಟು ಬದುವಿನ ಕಸಕ್ಕೆ ಕಡ್ಡಿ ಗೀರಬೇಡಿ. ರಾಶಿ ಹಾಕಿ ಗೊಬ್ಬರದ ಗುಂಡಿಗೆ ತುಂಬಿರಿ. ಹುಲ್ಲು ಸುಟ್ಟರೆ ಮಳೆಗಾಲಕ್ಕೆ ಚೆನ್ನಾಗಿ ಚಿಗುರುತ್ತದೆ ಎನ್ನುವ ಹಿರಿಯರಿಗೂ ಒಂದು ಮಾತು: ಹುಲ್ಲಿನ ಜೊತೆ ಔಷಧಿ ಗಿಡದ ಸಸಿ, ನವಿಲಿನ ಮೊಟ್ಟೆ ಎಲ್ಲವೂ ಬೇಯುತ್ತವೆ. 2019ರಿಂದ ಈ ಗುಡ್ಡ ವನ್ಯಜೀವಿಧಾಮ. ಒಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಕುರಿ ಕಾಯುವ ಅಣ್ಣಂದಿರು ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಹೋಗಿರಿ. ಬೈದರೂ ಚಿಂತೆಯಿಲ್ಲ, ಇದನ್ನು ಹೇಳದೆ ಬಿಡುವುದಿಲ್ಲ.

ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿಯೇ ಜೋರಾಗಿ ಓಡುತ್ತದೆ. ಆದ್ದರಿಂದ ಅದರ ಮೇಲ್ಬದಿಯಲ್ಲಿ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಕೆಳಗಿಳಿಯಿರಿ. ನೈಲಾನ್ ಸೀರೆ, ಅಂಗಿ ತೊಟ್ಟವರು ಹತ್ತಿರವೂ ಹೋಗಬೇಡಿ, ಮೈಗೆ ಅಂಟಿ ಉರಿಯುತ್ತದೆ. ಬಣವೆ ಸುತ್ತಲಿನ ಒಣಹುಲ್ಲನ್ನು ಈ ವಾರವೇ ಕೆತ್ತಿ ಬರಿ ಮಣ್ಣು ಕಾಣುವಂತೆ ಮಾಡಿರಿ.

ಹೊಗೆ ಕಂಡರೆ ಮೊದಲು 112ಕ್ಕೆ ಕರೆ ಮಾಡಿ, ಅರಣ್ಯ ಇಲಾಖೆಯ ಕಾವಲುಗಾರರಿಗೆ ತಿಳಿಸಿ. ವಿಡಿಯೊ ಗುಂಪಿಗೆ ಆಮೇಲೆ ಹಾಕಿದರೆ ಸಾಕು.