ಗಾಡಿಗೂ ಪೌತಿ ಖಾತೆ ಮಾಡಿಸಿ

ಮಾನ್ಯರೇ,

ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಮೋಟಾರ್ ಸೈಕಲ್ಲೊಂದನ್ನು ಪುಣೆಯಲ್ಲಿ ಕೊಂಡು, ರೈಲಿಗೆ ಹಾಕಿಸಿ, ಶಿರಸಿಗೆ ತಂದುಕೊಂಡೆ. 1992ರ ಯೆಜ್ಡಿ ರೋಡ್‌ಕಿಂಗ್. ಗಾಡಿ ಬರಲು ಮೂರು ದಿನ ಹಿಡಿಯಿತು, ಅದರ ಕಾಗದ ಸರಿಯಾಗಲು ಏಳು ತಿಂಗಳು. ಇದಕ್ಕೆ ನಾನು ಯಾವ ಕಚೇರಿಯನ್ನೂ ದೂರುವವನಲ್ಲ. ತಪ್ಪು ನಮ್ಮಂಥ ಮನೆಗಳದ್ದೇ. ಅದನ್ನು ಹೇಳಲಿಕ್ಕೇ ಈ ಪತ್ರ.

ಈ ವಯಸ್ಸಿನಲ್ಲಿ ಇದ್ಯಾಕೆ ಬೇಕಿತ್ತು ಎಂದು ಮನೆಯಲ್ಲಿ ಕೇಳಿ ಆಗಿದೆ, ನೀವು ಕೇಳಬೇಡಿ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಯೆಜ್ಡಿಯ ಹಿಂದೆ ಅಡಿಕೆ ಚೀಲದ ಮೇಲೆ ಕೂತು ಪೇಟೆಗೆ ಬರುತ್ತಿದ್ದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದೇ ಹೆಸರಿನ ಹೊಸ ಗಾಡಿಗಳು 2022ರಿಂದ ಬರುತ್ತಿವೆ ನಿಜ, ಆದರೆ ಅವು ನಾಲ್ಕು ಸ್ಟ್ರೋಕಿನವು, ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನದು. ಕಿಕ್ ಹೊಡೆದ ಕಡ್ಡಿಯನ್ನೇ ಕೆಳಗಿಳಿಸಿ ಗೇರ್ ಹಾಕುವ ಹಳೆಯ ಚಮತ್ಕಾರ ಅವುಗಳಲ್ಲಿ ಇಲ್ಲ. ನಮ್ಮ ಕಡೆ ಹಳೆಯದು ಸಿಗುವುದಿಲ್ಲವೆಂದಲ್ಲ. ಲಕ್ಷದ ಮೇಲೆ ಹೇಳುತ್ತಾರೆ, ಅದೂ ಟ್ಯಾಂಕಿಗೆ ಮೊನ್ನೆ ಬಣ್ಣ ಬಳಿದು.

ಹಾಗಾಗಿ ಮೊಬೈಲಿನಲ್ಲಿ ಹುಡುಕಿದೆ. ಮೊದಲು ಸಿಕ್ಕವನು ತಾನು ಸೈನಿಕ, ವರ್ಗಾವಣೆಯಾಗಿದೆ, ಅದಕ್ಕೇ ಅಗ್ಗಕ್ಕೆ ಕೊಡುತ್ತಿದ್ದೇನೆ ಎಂದ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲ ಕಳಿಸಿದ. ಸೈನ್ಯದ ಲಾರಿಯಲ್ಲೇ ಮನೆ ಬಾಗಿಲಿಗೆ ಬರುತ್ತದೆ, ಸಾಗಣೆಗೆ 3,150 ರೂಪಾಯಿ ಮಾತ್ರ ಈಗಲೇ ಹಾಕಿ ಅಂದ. ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ, ಅಚ್ಚು ತೆಗೆದು ಕಳಿಸಪ್ಪಾ ಎಂದೆ. ಮತ್ತೆ ಅವನ ಸುದ್ದಿಯಿಲ್ಲ. ಗಾಡಿ ಎದುರಿಗೆ ಇಲ್ಲದವನಿಗೆ ಪೆನ್ಸಿಲ್ ಅಚ್ಚು ಎಲ್ಲಿಂದ ಬರಬೇಕು? ದುಡ್ಡು ಹಾಕಿಬಿಟ್ಟವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಮರುದಿನ ಮಾಡಿ ಪ್ರಯೋಜನ ಕಡಿಮೆ.

ಎರಡನೆಯವರು ಪುಣೆಯವರು, ಸಜ್ಜನರು. ಅಚ್ಚು ಅರ್ಧ ಗಂಟೆಯಲ್ಲಿ ಬಂತು. ಹೋಗಿ ನೋಡಿದೆ. ಟ್ಯಾಂಕಿನ ಮೂಲ ಬಣ್ಣ ಹಾಗೇ ಇತ್ತು, ಮೊಣಕಾಲು ತಾಗುವ ಜಾಗದಲ್ಲಿ ಮಾತ್ರ ಸವೆದು ತಗಡು ಮಿನುಗುತ್ತಿತ್ತು. 68 ಸಾವಿರಕ್ಕೆ ಮಾತು ಮುಗಿಯಿತು. ಆರ್‌ಸಿ ನೋಡಿದರೆ ಅದು ಅವರ ತಂದೆಯ ಹೆಸರಿನಲ್ಲಿದೆ. ತಂದೆ ತೀರಿಕೊಂಡು ಮೂರು ವರ್ಷವಾಗಿದೆ.

'ಅದಕ್ಕೇನು, ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಅಪ್ಪನ ಸಹಿ ನಾನೇ ಹಾಕಿಕೊಡುತ್ತೇನೆ. ಶಾಲೆಯಲ್ಲಿದ್ದಾಗ ಮಾರ್ಕ್ಸ್ ಕಾರ್ಡಿಗೆ ಹಾಕಿ ರೂಢಿಯಿದೆ' ಎಂದರು. ಇಬ್ಬರೂ ನಕ್ಕೆವು. ಆದರೆ ಲೆಕ್ಕ ಬರೆದವನ ಕೈ, ಸುಮ್ಮನಿರಲಿಲ್ಲ. ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಕಾಯುತ್ತೇನೆ ಎಂದು ಐದು ಸಾವಿರ ಮುಂಗಡ ಕೊಟ್ಟು ವಾಪಸು ಬಂದೆ.

ಇದಕ್ಕೆಂದೇ ಫಾರ್ಮ್ 31 ಇದೆ. ಮಾಲೀಕ ತೀರಿಕೊಂಡರೆ ವಾರಸುದಾರ 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಇವರು ಮಾಡಿಸಿರಲಿಲ್ಲ. ಈಗ ಮರಣ ಪತ್ರ, ವಾರಸುದಾರರ ದಾಖಲೆ, ಅಕ್ಕ ಇರುವುದು ನಾಸಿಕ್‌ನಲ್ಲಿ, ಅವರ ಒಪ್ಪಿಗೆ ಎಂದು ನಾಲ್ಕು ತಿಂಗಳು ಹೋಯಿತು. ಅದಾದ ಮೇಲೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಆಮೇಲೆ ನನ್ನ ಹೆಸರಿಗೆ ವರ್ಗಾವಣೆ, ಇಲ್ಲಿಯ ತೆರಿಗೆ, ಫಾರ್ಮ್ 27ರಲ್ಲಿ ಹೊಸ ನಂಬರು. ಇವಕ್ಕೆ ಹಿಡಿದದ್ದು ಮೂರೇ ತಿಂಗಳು. ಬದುಕಿದ್ದವರ ಕೆಲಸ ಬೇಗ ಆಯಿತು.

ಅಪ್ಪ ತೀರಿಕೊಂಡರೆ ನಮ್ಮ ಕಡೆ ವರ್ಷಾಂತಿಕದೊಳಗೆ ತೋಟದ ಪಹಣಿಯ ಮಾತು ಬರುತ್ತದೆ. ಅಣ್ಣತಮ್ಮಂದಿರು ಮಾತು ಬಿಟ್ಟವರಾದರೂ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಒಟ್ಟಿಗೆ ಹೋಗಿ ಸಹಿ ಹಾಕುತ್ತಾರೆ. ಸರ್ಕಾರವೂ ಅದಕ್ಕೆ ಆಂದೋಲನ ಮಾಡುತ್ತದೆ. ಬ್ಯಾಂಕಿನ ಪಾಸ್‌ಬುಕ್ಕು, ಗ್ಯಾಸಿನ ಸಂಪರ್ಕ, ಕರೆಂಟ್ ಮೀಟರು ಎಲ್ಲದರ ಹೆಸರೂ ಬದಲಾಗುತ್ತದೆ. ಅಂಗಳದಲ್ಲಿ ನಿಂತ ಬೈಕಿನ ಆರ್‌ಸಿ ಮಾತ್ರ ಕಪಾಟಿನಲ್ಲಿ ಹಳೆಯ ಹೆಸರಿನಲ್ಲೇ ಮಲಗಿರುತ್ತದೆ. ಮಗ ಅದನ್ನು ಓಡಿಸುತ್ತಾನೆ, ಮಾರುತ್ತಾನೆ, ಕೊಂಡವನು ಮತ್ತೊಬ್ಬನಿಗೆ ಮಾರುತ್ತಾನೆ. ಅಪಘಾತವಾದಾಗ ಕೋರ್ಟು ನೋಡುವುದು ದಾಖಲೆಯಲ್ಲಿ ಯಾರ ಹೆಸರಿದೆ ಎಂದು. ಗಾಡಿ ಎಷ್ಟು ಕೈ ದಾಟಿದ್ದರೂ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಮಾಲೀಕ ಸತ್ತವನಾದರೆ ಪರಿಹಾರಕ್ಕಾಗಿ ಯಾರ ಬಾಗಿಲು ತಟ್ಟಬೇಕು?

2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಲು ಅವಕಾಶ ಬಂದಿದೆ, ಹಳೆಯ ಗಾಡಿಗೂ ಸೇರಿಸಬಹುದು. ನಮ್ಮ ಓಣಿಯಲ್ಲಿ ಹನ್ನೊಂದು ಮನೆಯವರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಪೌತಿ ಖಾತೆಗೆ ಬಂದವರನ್ನು 'ಗಾಡಿ ಏನಾದರೂ ಇದೆಯಾ' ಎಂದು ಗ್ರಾಮ ಆಡಳಿತಾಧಿಕಾರಿ ಒಂದು ಮಾತು ಕೇಳುವಂತಾದರೆ, ಮರಣ ಪತ್ರ ಕೊಡುವಾಗ ಫಾರ್ಮ್ 31ರ ವಿಷಯ ಒಂದು ಸಾಲು ಅಚ್ಚಾಗಿದ್ದರೆ, ಅರ್ಧ ಕೆಲಸ ಅಲ್ಲೇ ಆಗುತ್ತದೆ. ಕಂದಾಯ ಮತ್ತು ಸಾರಿಗೆ ಇಲಾಖೆಯವರು ಇದನ್ನು ದಯವಿಟ್ಟು ಯೋಚಿಸಬೇಕು.

ರೈಲಿನ ಕತೆ ಚಿಕ್ಕದು. ಪುಣೆಯ ಪಾರ್ಸೆಲ್ ಕಚೇರಿಯಲ್ಲಿ ಆರ್‌ಸಿ, ಗುರುತಿನ ಚೀಟಿಯ ಪ್ರತಿ ಕೊಟ್ಟೆವು. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಕೂಡದು. ಪೈಪ್ ಕಿತ್ತು ಸುರಿಸಿದರೆ ಎರಡು ಲೀಟರ್ ಬಂತು. ಆಯಿಲ್ ಬೆರೆತ ಪೆಟ್ರೋಲು ಮಾರಿದವರ ಸ್ಕೂಟರಿಗೆ ಆಗುವುದಿಲ್ಲ, ಪಕ್ಕದ ಗ್ಯಾರೇಜಿನ ಹುಡುಗ ಡಬ್ಬ ಹಿಡಿದು ಓಡಿ ಬಂದ. ಹುಲ್ಲು, ಗೋಣಿಚೀಲ ಸುತ್ತಿ ಹೊಲಿದ ಮೇಲೆ ಯೆಜ್ಡಿ ದೀಪಾವಳಿಯ ಬಲೀಂದ್ರನ ಹಾಗೆ ಕಂಡಿತು. ರಟ್ಟಿನ ಮೇಲೆ 'ಪುಣೆ – ಹುಬ್ಬಳ್ಳಿ' ಎಂದು ದಪ್ಪಕ್ಷರದಲ್ಲಿ ಬರೆದು ಎರಡು ಕಡೆ ಕಟ್ಟಿದೆವು. ಶಿರಸಿಗೆ ರೈಲೇ ಇಲ್ಲವಲ್ಲ, ಇಳಿಸಿಕೊಳ್ಳುವುದು ಹುಬ್ಬಳ್ಳಿಯಲ್ಲೇ.

1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಹುಬ್ಬಳ್ಳಿಯ ಹೆಮ್ಮೆ. ಬೈಕು ಎಲ್ಲಿದೆ ಎಂದು ಅದರ ಈ ತುದಿಯಿಂದ ಆ ತುದಿಗೆ ನಡೆದು ನೋಡಿದವನಿಗೆ ಆ ಹೆಮ್ಮೆ ಮೊಣಕಾಲಲ್ಲಿ ತಿಳಿಯುತ್ತದೆ. ನಡೆದದ್ದು ದಂಡ, ಗಾಡಿ ಪಾರ್ಸೆಲ್ ಕೋಣೆಯ ಹೊರಗೆ ಒಂದು ಗೀರೂ ಇಲ್ಲದೆ ನಿಂತಿತ್ತು. ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದರು. 140 ಕೆ.ಜಿ. ಭಾರವನ್ನು ಅಳಿಯನ ಜತೆ ಬಂಕಿನವರೆಗೆ ತಳ್ಳಿದ್ದಾಯಿತು. ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಆಯಿಲ್ ಬೆರೆಸಿ ಕಿಕ್ ಹೊಡೆದೆ. ಹನ್ನೊಂದನೆಯದಕ್ಕೆ ಎರಡೂ ಸೈಲೆನ್ಸರಿನಿಂದ ಬಿಳಿ ಹೊಗೆ ಎದ್ದಿತು. ತಡಸ, ಮುಂಡಗೋಡ ದಾಟಿ ಕತ್ತಲಾಗುವುದರೊಳಗೆ ಮನೆ.

ಅಂದು ರಾತ್ರಿ ಮೊಬೈಲಿನ ಆ್ಯಪಿನಲ್ಲಿ ಈ ಗಾಡಿಯ ವಿವರ ನೋಡುತ್ತಿದ್ದೆ. ಯಾಕೋ ನಮ್ಮ ಅಪ್ಪನ ಸ್ಪ್ಲೆಂಡರ್ ನಂಬರು ನೆನಪಾಗಿ ಅದನ್ನೂ ಒತ್ತಿದೆ. ಅಪ್ಪ ತೀರಿಕೊಂಡ ವರ್ಷ, 2016ರಲ್ಲಿ, ಅದನ್ನು ಹಾನಗಲ್ ಕಡೆಯ ಒಬ್ಬರಿಗೆ ಮಾರಿದ್ದೆ. ದುಡ್ಡು ಎಣಿಸಿಕೊಂಡೆ, ಕೀಲಿ ಕೊಟ್ಟೆ, ಆರ್‌ಸಿ ಕೊಟ್ಟೆ. ಪುಣೆಯವರಿಗೆ ಕಾನೂನು ಹೇಳಿದ ಈ ಲೆಕ್ಕಿಗ ಅಂದು ಬೇರೆ ಯಾವ ಕಾಗದವನ್ನೂ ಮಾಡಿಸಿರಲಿಲ್ಲ. ಪರದೆಯ ಮೇಲೆ ಮಾಲೀಕರ ಹೆಸರು ಬಂತು. ನಡುವಿನ ಅಕ್ಷರಗಳ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ ಮುಚ್ಚಿರುತ್ತಾರೆ. ಮೊದಲ ಮತ್ತು ಕೊನೆಯ ಅಕ್ಷರ ಸಾಕಾಯಿತು.

2004ರ ಕಪ್ಪು ಸ್ಪ್ಲೆಂಡರ್, ಎಡಗಡೆಯ ಸೈಡ್ ಕವರಿಗೆ ತಾಮ್ರದ ತಂತಿ ಕಟ್ಟಿದೆ, ಸೀಟಿನ ಕೆಳಗೆ ಹಾಲಿನ ಕ್ಯಾನಿಗೆಂದು ಅಪ್ಪ ಬೆಸೆಸಿದ ಕಬ್ಬಿಣದ ಕೊಕ್ಕೆಯಿದೆ. ಅದು ಈಗ ಯಾರ ಬಳಿ ಇದೆಯೋ, ಅವರು ಈ ಪತ್ರ ಓದಿದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮರಣ ಪತ್ರ, ತಮ್ಮನ ಒಪ್ಪಿಗೆ ಎಲ್ಲ ಸಿದ್ಧ ಮಾಡಿ ಇಟ್ಟಿದ್ದೇನೆ. ಖರ್ಚು ನನ್ನದು.

– ನಿವೃತ್ತ ಲೆಕ್ಕಿಗ, ಶಿರಸಿ